ನಾಲ್ಕು ಜಾಡಿ ಮೀಡ್ ಮತ್ತು ಅಡುಗೆಮನೆಯ ತಕ್ಕಡಿ

ಶಿರಸಿಯ ನಮ್ಮ ಮನೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಆಯಿ ಜೇನಿನ ಬಾಟಲಿಗಳ ಬಿರಡೆಯನ್ನು ವಾರಕ್ಕೊಮ್ಮೆ ಸಡಿಲಿಸಿ ಮತ್ತೆ ಮುಚ್ಚುತ್ತಿದ್ದರು. ಸಡಿಲಿಸದಿದ್ದರೆ ಬಿರಡೆ ತಾನಾಗಿ ಹಾರುತ್ತಿತ್ತು. ಮೇಲೆ ನೊರೆ, ಮೂಗಿಗೆ ಹುಳಿ ಹುಳಿ ವಾಸನೆ. ‘ಜೇನು ಹುಳಿ ಬಂತು’ ಎಂದು ಅದನ್ನು ಪಕ್ಕಕ್ಕೆ ಇಡುತ್ತಿದ್ದರು. ಅದು ತುಡುವೆ ಜೇನು. ತುಡುವೆಯ ತುಪ್ಪದಲ್ಲಿ ನೀರಿನಂಶ ಶೇಕಡಾ 20ನ್ನು ದಾಟುವುದು ಮಲೆನಾಡಿನಲ್ಲಿ ಸಾಮಾನ್ಯ. ಅಷ್ಟು ನೀರು ಸಿಕ್ಕರೆ ಜೇನಿನಲ್ಲೇ ಇರುವ ಯೀಸ್ಟ್ ಎಚ್ಚರಗೊಂಡು ಸಕ್ಕರೆಯನ್ನು ತಿನ್ನಲು ತೊಡಗುತ್ತದೆ. ಮೀಡ್ ಎಂಬ ಜೇನುಮದ್ಯದ ಮೊದಲ ಹೆಜ್ಜೆ ಅದೇ ಎಂದು ನನಗೆ ತಿಳಿದದ್ದು ಮಿಷಿಗನ್‌ಗೆ ಬಂದ ಮೇಲೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಒಕ್ಕೂಟ ಕಾನೂನಿನಂತೆ ಇಬ್ಬರು ವಯಸ್ಕರಿರುವ ಮನೆಯಲ್ಲಿ ಸ್ವಂತ ಬಳಕೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ವೈನ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಮೀಡ್ ಇದರೊಳಗೇ ಬರುತ್ತದೆ. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನಲ್ಲಿ ಇರುವವರು ಇದನ್ನು ಓದಿಗಾಗಿ ಮಾತ್ರ ಓದಿಕೊಳ್ಳಬೇಕು.

ಹಿಂದಿನ ಎರಡು ವರ್ಷ ನಾನು 5 ಗ್ಯಾಲನ್ ಲೆಕ್ಕದಲ್ಲಿ ಮಾಡುತ್ತಿದ್ದೆ. ವರ್ಷಕ್ಕೆ ಎರಡೇ ಸಲ ಮಾಡಲು ಸಾಧ್ಯ. ಒಮ್ಮೆ ಚೆನ್ನಾಗಿ ಬಂತು, ಇನ್ನೊಮ್ಮೆ ಗಂಟಲು ಉರಿಯುವಂತೆ ಬಂತು. ಕಾರಣ ಜೇನೋ, ಯೀಸ್ಟೋ, ಕೋಣೆಯ ಬಿಸಿಯೋ ಗೊತ್ತಾಗಲಿಲ್ಲ, ಏಕೆಂದರೆ ಎರಡು ಸಲಕ್ಕೂ ನಡುವೆ ಎಲ್ಲವೂ ಬದಲಾಗಿತ್ತು. ಹಾಗಾಗಿ ಕಳೆದ ನವೆಂಬರಿನಲ್ಲಿ ಒಂದೇ ಜೇನುನೀರನ್ನು ನಾಲ್ಕು ಜಾಡಿಗೆ ಹಂಚಿ, ಜಾಡಿಗೊಂದು ಸಂಗತಿಯನ್ನಷ್ಟೇ ಬದಲಿಸಿ ನೋಡಲು ನಿರ್ಧರಿಸಿದೆ.

ಜಾಡಿಗಳಿಗೆ ದುಡ್ಡು ಕೊಡಬೇಕಾಗಲಿಲ್ಲ. ಶರತ್ಕಾಲದಲ್ಲಿ ಇಲ್ಲಿ ಸೇಬಿನ ರಸವನ್ನು ಒಂದು ಗ್ಯಾಲನ್‌ನ, ಎಂದರೆ 3.78 ಲೀಟರ್‌ನ ಗಾಜಿನ ಜಾಡಿಗಳಲ್ಲಿ ಮಾರುತ್ತಾರೆ. ರಸ ಕುಡಿದು ಜಾಡಿ ಉಳಿಸಿಕೊಂಡೆ. ಜಾಡಿಗೆ 3 ಲೀಟರ್ ಮಾತ್ರ ತುಂಬುವ ಯೋಜನೆ. ಉಳಿದ ಜಾಗ ನೊರೆಗೆ. ಕೊಂಡುಕೊಂಡದ್ದು ರಬ್ಬರ್ ಬಿರಡೆಗಳು, ಒಳಗಿನ ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಏರ್‌ಲಾಕ್‌ಗಳು, ಸೈಫನ್ ಕೊಳವೆ, ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್, ಹುಳಿ ಅಳೆಯುವ ಪಿಎಚ್ ಮೀಟರ್, 10 ಕಿಲೋವರೆಗೆ ಒಂದೊಂದೇ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಮತ್ತು ಚಿನ್ನ ತೂಗುವವರ ಬಳಿ ಇರುವಂಥ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ. ಈ ಕೊನೆಯದನ್ನು ಬಿಟ್ಟರೆ ಸಣ್ಣ ಪ್ರಮಾಣದ ಕೆಲಸ ನಡೆಯುವುದಿಲ್ಲ. 5 ಗ್ಯಾಲನ್‌ಗೆ ಅರ್ಧ ಚಮಚ ಹೆಚ್ಚುಕಡಿಮೆಯಾದರೆ ನಡೆದೀತು. 3 ಲೀಟರಿಗೆ ಒಂದು ಸಲಕ್ಕೆ ಹಾಕುವ, ಯೀಸ್ಟಿನ ಪೋಷಕಾಂಶದ ಪುಡಿ 0.65 ಗ್ರಾಂ. ಅದನ್ನು ಚಮಚದಲ್ಲಿ ಅಳೆಯಲಾಗದು.

ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆಗೆ ಹೆಚ್ಚು ಶ್ರಮ ಹಿಡಿಯಿತು. ಚಳಿಗಾಲದಲ್ಲಿ ನಮ್ಮ ನೆಲಮಾಳಿಗೆ 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತದೆ, ನನಗೆ ಬೇಕಾದದ್ದು 18. ನೆರೆಯವರೊಬ್ಬರು ಕಂಪ್ರೆಸರ್ ಕೆಟ್ಟ ಸಣ್ಣ ಫ್ರಿಜ್ಜನ್ನು ರಸ್ತೆಬದಿಗೆ ಇಟ್ಟಿದ್ದರು. ತಣ್ಣಗಾಗಿಸುವ ಶಕ್ತಿ ಹೋಗಿದ್ದರೂ ಗೋಡೆಯೊಳಗಿನ ಫೋಮ್ ಎಲ್ಲಿಗೆ ಹೋದೀತು? ಕೇಳಿ ತಂದುಕೊಂಡೆ. ಒಳಗಿನ ಅರೆಗಳನ್ನು ತೆಗೆದು, ಸೋಡಾದ ನೀರಿನಲ್ಲಿ ತೊಳೆದು, ಸಸಿ ಮೊಳೆಯಿಸಲು ಬಳಸುವ 20 ವಾಟ್‌ನ ಬಿಸಿಚಾಪೆಯನ್ನು ಅದರ ತಳಕ್ಕೆ ಹಾಸಿದೆ. ತಂತಿಗಳನ್ನು ಬಾಗಿಲಿನ ರಬ್ಬರ್ ಅಂಚಿನ ಸಂದಿಯಿಂದ ಹೊರತೆಗೆದು ಥರ್ಮೋಸ್ಟಾಟ್‌ಗೆ ಜೋಡಿಸಿದೆ. ಗೋಡೆಯನ್ನು ಕೊರೆಯಲಿಲ್ಲ, ಯಾರೂ ಕೊರೆಯಬಾರದು. ಒಳಗೆ ಅನಿಲದ ಕೊಳವೆಗಳು ಎಲ್ಲಿ ಹಾದಿರುತ್ತವೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಜಾಡಿಗಳಲ್ಲಿ ಬರೀ ನೀರು ತುಂಬಿ ಎರಡು ದಿನ ಓಡಿಸಿ ನೋಡಿದೆ. ಥರ್ಮೋಸ್ಟಾಟ್ 18 ಎನ್ನುತ್ತಿತ್ತು, ಜಾಡಿಯ ನೀರಿಗೆ ಅದ್ದಿದ ಥರ್ಮಾಮೀಟರ್ 22 ಎನ್ನುತ್ತಿತ್ತು. ತಪ್ಪು ಎರಡು ಕಡೆ ಇತ್ತು. ಸಂವೇದಕ ಗಾಳಿಯಲ್ಲಿ ತೂಗಾಡುತ್ತಿತ್ತು, ಜಾಡಿಗಳು ನೇರವಾಗಿ ಚಾಪೆಯ ಮೇಲೆ ಕುಳಿತಿದ್ದವು. ಚಾಪೆಯನ್ನು ಹಿಂಗೋಡೆಗೆ ಅಂಟಿಸಿ, ಜಾಡಿಗಳನ್ನು ತಂತಿ ಜಾಲರಿಯ ಮೇಲೆ ಎತ್ತಿ ಇಟ್ಟೆ. ಸಂವೇದಕವನ್ನು ನಡುವಿನ ಜಾಡಿಯ ಹೊಟ್ಟೆಗೆ ಒತ್ತಿ, ಮೇಲೆ ಫೋಮ್ ತುಂಡು ಇಟ್ಟು ಟೇಪ್ ಸುತ್ತಿದೆ. ಆಮೇಲೆ ನೀರಿನ ಬಿಸಿ ಅರ್ಧ ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಲಿಲ್ಲ. ಫ್ರಿಜ್ಜಿನ ನೀರು ಹೊರಹೋಗಲು ಇದ್ದ ತೂತನ್ನು ತೆರೆದೇ ಬಿಟ್ಟಿದ್ದೇನೆ, ಇಂಗಾಲದ ಡೈಆಕ್ಸೈಡ್ ಹೊರಹೋಗಲು ಅದೇ ದಾರಿ.

ನವೆಂಬರ್ 9, ಶನಿವಾರ. ಜೇನು ಉತ್ತರ ಮಿಷಿಗನ್‌ನ ಸ್ಟಾರ್ ಥಿಸಲ್ ಹೂವಿನದು. ಹೊರಗಿನಿಂದ ಬಂದು ಹಬ್ಬಿದ ಕಳೆ ಎಂದು ಈ ಗಿಡವನ್ನು ಕೃಷಿಕರು ದೂರುತ್ತಾರೆ, ಜೇನು ಸಾಕುವವರು ಮಾತ್ರ ಅದರ ತಿಳಿಬಣ್ಣದ ಜೇನಿಗಾಗಿ ಮೆಚ್ಚುತ್ತಾರೆ. 3.5 ಕಿಲೋ ಜೇನಿಗೆ 9.5 ಲೀಟರಿನಷ್ಟು ಚಿಲುಮೆ ನೀರು ಸೇರಿಸಿದಾಗ ಸರಿಯಾಗಿ 12 ಲೀಟರ್ ಆಯಿತು, ಹೈಡ್ರೋಮೀಟರ್ 1.090 ತೋರಿಸಿತು (ಬರೀ ನೀರಾದರೆ 1.000). ಜೇನನ್ನು ಕುದಿಸಲಿಲ್ಲ. ಕುದಿಸಿ ನೊರೆ ತೆಗೆಯಬೇಕೆಂಬ ಹಳೆಯ ಪದ್ಧತಿಯಲ್ಲಿ ಹೂವಿನ ಪರಿಮಳವೆಲ್ಲ ಆವಿಯ ಜೊತೆ ಹೋಗುತ್ತದೆ. ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟರೆ ಸುರಿಯುವಷ್ಟು ತೆಳುವಾಗುತ್ತದೆ, ಅಷ್ಟೇ ಸಾಕು. ಪಾತ್ರೆಗಳನ್ನೆಲ್ಲ ಲೀಟರಿಗೆ 1.5 ಮಿಲಿಯಂತೆ ಕಲಸಿದ ಆಮ್ಲೀಯ ಶುದ್ಧಿದ್ರಾವಣದಲ್ಲಿ ಎರಡು ನಿಮಿಷ ನೆನೆಸಿ, ತೊಳೆಯದೆ ಬಳಸಿದೆ.

ಯೀಸ್ಟ್ ಲಾಲ್ವಿನ್ 71ಬಿ, ಜಾಡಿಗೆ 2 ಗ್ರಾಂ. ಒಣ ಯೀಸ್ಟನ್ನು ನೇರವಾಗಿ ಸುರಿದರೂ ಕೆಲಸ ಮಾಡುತ್ತದೆ, ಆದರೆ ಇಷ್ಟು ಸಿಹಿಯಾದ ನೀರಿಗೆ ಬಿದ್ದಾಗ ಅದರ ಒಂದು ಪಾಲು ಸಾಯುತ್ತದೆ. 40 ಡಿಗ್ರಿಯ ನೀರಿನಲ್ಲಿ, ಯೀಸ್ಟಿನ ತೂಕದ ಒಂದೂಕಾಲು ಪಟ್ಟು ಗೋ-ಫರ್ಮ್ ಎಂಬ ಯೀಸ್ಟಿನ ಪೋಷಕದ ಪುಡಿ ಕಲಸಿ, ಅದರಲ್ಲಿ 20 ನಿಮಿಷ ನೆನೆಯಲು ಬಿಟ್ಟೆ. ಆಮೇಲೆ ಸ್ವಲ್ಪ ಸ್ವಲ್ಪವೇ ಜೇನುನೀರು ಬೆರೆಸಿ, ಎರಡರ ಬಿಸಿಯ ಅಂತರ 10 ಡಿಗ್ರಿಗಿಂತ ಕಡಿಮೆಯಾದ ಮೇಲೆ ಜಾಡಿಗಳಿಗೆ ಹಂಚಿದೆ. ಮೊಸರಿಗೆ ಹೆಪ್ಪು ಹಾಕುವಾಗ ಹಾಲಿನ ಬಿಸಿ ನೋಡುವ ಎಚ್ಚರವೇ ಇಲ್ಲಿಯೂ ಬೇಕು.

ಜಾಡಿಗಳಿಗೆ ಅ, ಆ, ಇ, ಈ ಎಂದು ಹೆಸರಿಟ್ಟೆ. ಜೇನಿನಲ್ಲಿ ಸಕ್ಕರೆ ಧಾರಾಳ, ಯೀಸ್ಟ್ ಬೆಳೆಯಲು ಬೇಕಾದ ಸಾರಜನಕ ಮಾತ್ರ ತೀರ ಅಲ್ಪ. ದ್ರಾಕ್ಷಿರಸಕ್ಕೂ ಜೇನುನೀರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಆದ್ದರಿಂದ ‘ಅ’ಗೆ ಪೋಷಕಾಂಶವನ್ನೇ ಹಾಕಲಿಲ್ಲ. ‘ಆ’ಗೆ 2.6 ಗ್ರಾಂ ಫರ್ಮೈಡ್-ಓ ಎಂಬ ಪೋಷಕಾಂಶದ ಪುಡಿಯನ್ನು ಮೊದಲ ದಿನವೇ ಒಟ್ಟಿಗೆ ಹಾಕಿದೆ. ‘ಇ’ಗೆ ಅಷ್ಟೇ ಪುಡಿಯನ್ನು ನಾಲ್ಕು ಪಾಲು ಮಾಡಿ 24, 48, 72ನೆಯ ಗಂಟೆಗೆ ಒಂದೊಂದು, ಕೊನೆಯದು ಸಕ್ಕರೆಯ ಮೂರನೆಯ ಒಂದು ಭಾಗವನ್ನು ಯೀಸ್ಟ್ ತಿಂದು ಮುಗಿಸಿದಾಗ. ‘ಈ’ಗೂ ‘ಇ’ಯ ಕ್ರಮವೇ, ಆದರೆ ಅದನ್ನು ಪೆಟ್ಟಿಗೆಯಲ್ಲಿ ಇಡದೆ ಮನೆ ಬಿಸಿಮಾಡುವ ಕುಲುಮೆಯ ಪಕ್ಕದ ಗೂಡಿನಲ್ಲಿ ಇಟ್ಟೆ. ಅಲ್ಲಿ ಹಗಲೂ ರಾತ್ರಿ 26 ಡಿಗ್ರಿ.

ಇನ್ನು ತಕ್ಕಡಿಯ ವಿಷಯ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅತಿ ಉಪಯುಕ್ತವಾದದ್ದು ಇದೇ. ಹುದುಗುವಿಕೆ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಎಲ್ಲರೂ ಹೈಡ್ರೋಮೀಟರ್ ಬಳಸುತ್ತಾರೆ. ಅದು ತೇಲಬೇಕಾದರೆ ಪ್ರತಿಸಲ 100 ಮಿಲಿಯಷ್ಟು ದ್ರವ ಬೇಕು. 3 ಲೀಟರ್ ಜಾಡಿಯಲ್ಲಿ ಹತ್ತು ಸಲ ಅಳೆದರೆ ಮೂರನೆಯ ಒಂದು ಭಾಗ ಅಳತೆಗೇ ಹೋಯಿತು. ಮತ್ತೆ ಜಾಡಿಗೆ ಸುರಿದರೆ ಸೋಂಕಿನ ಭಯ, ಗಾಳಿ ಬೆರೆಯುವ ಭಯ. ಸಾಂದ್ರತೆ ಎಂದರೆ ಒಂದು ಲೀಟರಿನ ತೂಕವೇ ಅಲ್ಲವೇ? ಹುದುಗುವಾಗ ದ್ರವದ ಗಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಅನಿಲ ಮಾತ್ರ ಹೊರಹೋಗುತ್ತದೆ. ಹಾಗಿದ್ದರೆ ಜಾಡಿಯನ್ನು ತೆರೆಯದೆ, ಬಿರಡೆ ಏರ್‌ಲಾಕ್ ಸಮೇತ ತೂಗಿದರೆ ಆಯಿತು. ಒಂದು ಲೀಟರಿಗೆ ಒಂದು ಗ್ರಾಂ ಕಡಿಮೆಯಾದರೆ ಹೈಡ್ರೋಮೀಟರಿನಲ್ಲಿ ಒಂದು ಅಂಕ, ಅಂದರೆ 1.090 ಇದ್ದದ್ದು 1.089. ನನ್ನ 3 ಲೀಟರ್ ಜಾಡಿಗೆ ಅಂಕಕ್ಕೆ 3 ಗ್ರಾಂ. ಮೂರನೆಯ ಒಂದು ಭಾಗ ಮುಗಿಯಿತೆಂದರೆ 90 ಗ್ರಾಂ ಇಳಿದಿರಬೇಕು. ಪೂರ್ತಿ ಮುಗಿಯುವಾಗ 270ರ ಆಚೆ.

ಎಚ್ಚರ ಇಷ್ಟು. ತೂಗುವ ಮೊದಲು ಜಾಡಿಯನ್ನು ಮೆಲ್ಲಗೆ ಸುತ್ತಿಸಿ ಕರಗಿರುವ ಅನಿಲವನ್ನು ಬಿಡಿಸಬೇಕು. ಏನಾದರೂ ಹಾಕಿದರೆ, ತೆಗೆದರೆ, ಮೊದಲೂ ಆಮೇಲೂ ತೂಗಿ ಬರೆದಿಡಬೇಕು. ಏರ್‌ಲಾಕಿನ ನೀರಿನ ಮಟ್ಟವನ್ನು ಗೆರೆಗೆ ಸರಿಯಾಗಿ ಇಟ್ಟುಕೊಳ್ಳಬೇಕು. ನಾಲ್ಕು ಜಾಡಿ ತೂಗಿ ಬರೆಯಲು ಐದು ನಿಮಿಷ ಸಾಕು, ನಾನು ದಿನವೂ ಬೆಳಗಿನ ಕಾಫಿಗೆ ಮುಂಚೆ ಮಾಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ‘ಅ’ 18 ಗ್ರಾಂ, ‘ಆ’ 55, ‘ಇ’ 40, ‘ಈ’ 88 ಇಳಿದಿದ್ದವು. ಪೆಟ್ಟಿಗೆಯ ಚಾಪೆ ಆರಿದ್ದರೂ ಜಾಡಿಗಳು 20 ಡಿಗ್ರಿಗೆ ಏರಿದ್ದವು, ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ. ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟೆ, ಸಂಜೆಗೆ ಇಳಿಯಿತು.

ಅದೇ ದಿನದ ಅನಾಹುತ ‘ಈ’ಯದು. ಬಿಸಿಯಿಂದಾಗಿ ಅದು ಮೂರೇ ದಿನದಲ್ಲಿ ಮೂರನೆಯ ಒಂದು ಭಾಗ ಮುಗಿಸಿತ್ತು, ಹಾಗಾಗಿ ಕೊನೆಯ ಎರಡು ಪಾಲು ಪುಡಿಯನ್ನು ಒಟ್ಟಿಗೆ ಹಾಕಬೇಕಾಯಿತು. 1.3 ಗ್ರಾಂ ಒಣ ಪುಡಿಯನ್ನು ಜಾಡಿಯ ಬಾಯಿಯಿಂದ ಸುರಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಹಾಲು ಉಕ್ಕಿದಂತೆ ಜಾಡಿ ಉಕ್ಕಿ, ಕಪಾಟು, ನೆಲ, ನನ್ನ ಕಾಲು ಎಲ್ಲ ಅಂಟಾಯಿತು. ಅನಿಲ ತುಂಬಿದ ದ್ರವಕ್ಕೆ ಪುಡಿ ಬಿದ್ದರೆ ಒಂದೊಂದು ಕಣದ ಮೇಲೂ ಗುಳ್ಳೆ ಹುಟ್ಟುತ್ತದೆ. ಮೊದಲು ಜಾಡಿಯನ್ನು ಸುತ್ತಿಸಿ ಅನಿಲ ಬಿಡಿಸಿ, ಪುಡಿಯನ್ನು 10 ಮಿಲಿ ನೀರಿನಲ್ಲಿ ಕದಡಿ, ದಾರದಂತೆ ಇಳಿಸಬೇಕು. ‘ಇ’ಗೆ ಹಾಗೆಯೇ ಮಾಡುತ್ತಿದ್ದೆ, ಅವಸರದಲ್ಲಿ ‘ಈ’ಗೆ ಮಾಡಲಿಲ್ಲ. ಒರೆಸಿ ತೂಗಿದಾಗ 214 ಗ್ರಾಂ ನಷ್ಟ. ಉಳಿದದ್ದು 2.8 ಲೀಟರ್ ಎಂದು ಹಿಡಿದು, ಅಲ್ಲಿಂದ ಮುಂದೆ ಅಂಕಕ್ಕೆ 2.8 ಗ್ರಾಂ ಲೆಕ್ಕ ಹಾಕಿದೆ.

ಆರನೆಯ ದಿನ ‘ಆ’ಯ ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತು. ಪಕ್ಕದ ‘ಇ’ ಟಪ್ ಟಪ್ ಎನ್ನುತ್ತಿತ್ತು. ಹಿಂದಿನ ವರ್ಷವಾಗಿದ್ದರೆ ಹುದುಗು ಸತ್ತಿತೆಂದು ಮತ್ತೊಂದು ಪೊಟ್ಟಣ ಯೀಸ್ಟ್ ಸುರಿಯುತ್ತಿದ್ದೆ. ತಕ್ಕಡಿ ಮಾತ್ರ ಆ ದಿನವೂ 19 ಗ್ರಾಂ ಇಳಿಕೆ ತೋರಿಸಿತು. ಅನಿಲ ಹೋಗುತ್ತಿದೆ, ಏರ್‌ಲಾಕಿನ ಮೂಲಕ ಹೋಗುತ್ತಿಲ್ಲ. ಬಿರಡೆಯ ಸುತ್ತ ಸೋಪಿನ ನೀರು ಹಚ್ಚಿದಾಗ ಒಂದು ಕಡೆ ಗುಳ್ಳೆ ಎದ್ದಿತು. ಒದ್ದೆ ಗಾಜಿನ ಮೇಲೆ ಒದ್ದೆ ರಬ್ಬರ್ ಕೂರಿಸಿದ್ದರಿಂದ ಅದು ರಾತ್ರಿಯೆಲ್ಲ ಜಾರಿ ಮೇಲೆ ಬಂದಿತ್ತು. ಜಾಡಿಯ ಕುತ್ತಿಗೆಯನ್ನೂ ಬಿರಡೆಯನ್ನೂ ಒಣಗಿಸಿ, ತಿರುಪಿ ಕೂರಿಸಿದೆ, ಸರಿಹೋಯಿತು. ಗುಳ್ಳೆಯನ್ನು ನೋಡಿ ಹುದುಗನ್ನು ಅಳೆಯಬಾರದು ಎಂದು ಆ ದಿನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

‘ಈ’ ಒಂಬತ್ತನೆಯ ದಿನಕ್ಕೆ ಮುಗಿಯಿತು. ‘ಇ’ ಹದಿನೇಳಕ್ಕೆ. ತೂಕ ಮೂರು ದಿನ ಅಲುಗಾಡದೆ ನಿಂತ ಮೇಲೆಯೇ ಮುಗಿಯಿತೆಂದು ಬರೆದದ್ದು. ‘ಇ’ ಒಟ್ಟು 273 ಗ್ರಾಂ ಇಳಿದಿತ್ತು, ಲೆಕ್ಕದ ಪ್ರಕಾರ 0.999. ಆಗ ಮೊದಲ ಸಲ ಜಾಡಿಯಿಂದ ದ್ರವ ತೆಗೆದು ಹೈಡ್ರೋಮೀಟರ್ ಇಳಿಸಿದೆ, 0.997. ಎರಡೇ ಅಂಕದ ಅಂತರ. ಸುಮಾರು ಶೇಕಡಾ 12 ಆಲ್ಕೋಹಾಲ್. ಅಡುಗೆಮನೆಯ ತಕ್ಕಡಿಯಿಂದ ಇದಕ್ಕಿಂತ ಹೆಚ್ಚೇನು ಕೇಳುವುದು?

‘ಆ’ ಮೊದಲ ವಾರ ಪೆಟ್ಟಿಗೆಯಲ್ಲಿದ್ದ ಮೂರರಲ್ಲಿ ಎಲ್ಲಕ್ಕಿಂತ ಜೋರಾಗಿ ಓಡಿ, ಆಮೇಲೆ ದಣಿದು, 27ನೆಯ ದಿನಕ್ಕೆ ತಲುಪಿತು. ‘ಅ’ಯ ಗತಿ ಬೇರೆ. ಎರಡನೆಯ ವಾರದಿಂದ ಕೊಳೆತ ಮೊಟ್ಟೆಯ ವಾಸನೆ. ಸಾರಜನಕಕ್ಕೆ ಹಸಿದ ಯೀಸ್ಟ್ ಗಂಧಕದ ಅನಿಲವನ್ನು ಬಿಡುತ್ತದೆ. 30ನೆಯ ದಿನಕ್ಕೂ 147 ಗ್ರಾಂ ಮಾತ್ರ ಇಳಿದು, 1.041ರಲ್ಲಿ ಕುಂಟುತ್ತಿತ್ತು. ಪ್ರಯೋಗ ಅಲ್ಲಿಗೆ ಮುಗಿಯಿತೆಂದು ಬರೆದು, ಉಳಿಸಿಕೊಳ್ಳುವ ಪ್ರಯತ್ನಕ್ಕೆ ಇಳಿದೆ. ಪಿಎಚ್ 2.9 ಇತ್ತು. ಜೇನುನೀರಿಗೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ, ಅಷ್ಟು ಕೆಳಗೆ ಇಳಿದರೆ ಯೀಸ್ಟ್ ಬಸವಳಿಯುತ್ತದೆ. ಪೊಟ್ಯಾಸಿಯಂ ಬೈಕಾರ್ಬೊನೇಟ್ ಅರ್ಧ ಗ್ರಾಂನಂತೆ ಎರಡು ಸಲ ನೀರಿನಲ್ಲಿ ಕದಡಿ ಹಾಕಿ 3.3ಕ್ಕೆ ತಂದೆ, 1 ಗ್ರಾಂ ಫರ್ಮೈಡ್-ಓ ಕೊಟ್ಟೆ, ದಿನಕ್ಕೆರಡು ಸಲ ಸುತ್ತಿಸಿದೆ. ಜನವರಿಯ ನಡುವಿಗೆ 1.004 ಮುಟ್ಟಿತು. ಮೊಟ್ಟೆಯ ವಾಸನೆ ಬಹುಪಾಲು ಹೋಯಿತು, ಪೂರ್ತಿ ಹೋಗಲಿಲ್ಲ.

ಗಸಿಯಿಂದ ಬಿಡಿಸಿ ಬೇರೆ ಪಾತ್ರೆಗೆ ಇಳಿಸುವ ಹಂತದಲ್ಲಿ ಸಣ್ಣ ಪ್ರಮಾಣಕ್ಕೆ ದೊಡ್ಡ ಶತ್ರು ಗಾಳಿ. ಹುದುಗುವಾಗ ಖಾಲಿ ಜಾಗವನ್ನು ಇಂಗಾಲದ ಡೈಆಕ್ಸೈಡ್ ತುಂಬಿ ಕಾಯುತ್ತದೆ, ಆಮೇಲೆ ಕಾಯುವವರಿಲ್ಲ. 3 ಲೀಟರಿನಲ್ಲಿ ಗಸಿ ಕಳೆದು 2.7 ಉಳಿದರೆ ಅದನ್ನು ಗ್ಯಾಲನ್ ಜಾಡಿಯಲ್ಲಿ ಇಡುವುದೆಂದರೆ ಒಂದು ಲೀಟರ್ ಗಾಳಿಯ ಜೊತೆ ಇಟ್ಟಂತೆ. ಹಾಗಾಗಿ ಅರ್ಧ ಗ್ಯಾಲನ್‌ನ 1.9 ಲೀಟರ್ ಜಾಡಿಗೆ ಒಂದಿಷ್ಟು, 750 ಮಿಲಿಯ ವೈನ್ ಬಾಟಲಿಗೆ ಉಳಿದದ್ದು. ಬಾಟಲಿ ತುಂಬದಿದ್ದರೆ ತೊಳೆದು ಕುದಿಸಿದ ಗಾಜಿನ ಗೋಲಿಗಳನ್ನು ಒಂದೊಂದಾಗಿ ಇಳಿಸಿ ಮಟ್ಟವನ್ನು ಕುತ್ತಿಗೆಗೆ ಏರಿಸಿದೆ. ಸೈಫನ್ ಕೊಳವೆಯ ಬಾಯಿ ಹೊಸ ಪಾತ್ರೆಯ ತಳ ಮುಟ್ಟಿರಬೇಕು, ಸದ್ದಾಗಬಾರದು. ಸದ್ದಾದರೆ ಗಾಳಿ ಬೆರೆಯುತ್ತಿದೆ ಎಂದರ್ಥ.

ಏಪ್ರಿಲ್‌ನಲ್ಲಿ ರುಚಿ ನೋಡಿದೆವು. ಎದುರಿಗೆ ಹೆಸರು ಬರೆದಿಟ್ಟುಕೊಂಡು ಕುಡಿದರೆ ನಮಗೆ ಬೇಕಾದ ರುಚಿಯೇ ನಾಲಿಗೆಗೆ ಬರುತ್ತದೆ. ಅದಕ್ಕೆ ಮೂರು ಲೋಟದ ಪರೀಕ್ಷೆ ಮಾಡಿದೆ. ಎರಡು ಲೋಟದಲ್ಲಿ ಒಂದೇ ಜಾಡಿಯದು, ಮೂರನೆಯದರಲ್ಲಿ ಬೇರೆಯದು. ಬೇರೆ ಯಾವುದೆಂದು ಹೆಂಡತಿ ಹೇಳಬೇಕು, ಹೀಗೆ ಆರು ಸಲ. ‘ಇ’ ಮತ್ತು ‘ಈ’ ನಡುವೆ ಆರಕ್ಕೆ ಆರೂ ಸರಿ ಹೇಳಿದಳು. ಬಿಸಿಯಲ್ಲಿ ಓಡಿದ ‘ಈ’ಯಲ್ಲಿ ಎದೆಗೆ ಇಳಿಯುವ ಉರಿ, ಬಣ್ಣದ ಡಬ್ಬಿ ತೆರೆದಂತಹ ಘಾಟು. ಆದರೆ ‘ಆ’ ಮತ್ತು ‘ಇ’ ನಡುವೆ ಆರರಲ್ಲಿ ಮೂರು. ಕಣ್ಣು ಮುಚ್ಚಿ ಊಹಿಸಿದರೂ ಎರಡು ಸರಿಯಾಗುತ್ತದೆ, ಆದ್ದರಿಂದ ಇದನ್ನು ವ್ಯತ್ಯಾಸ ಎನ್ನಲಾರೆ. ಪೋಷಕಾಂಶವನ್ನು ಕಂತಿನಲ್ಲಿ ಕೊಡುವುದು ಹತ್ತು ದಿನ ಉಳಿಸಿತು, 18 ಡಿಗ್ರಿಯಲ್ಲಿ ರುಚಿಗೆ ಏನೂ ಕೊಡಲಿಲ್ಲ. ಕಂತಿಗಾಗಿ ಎಷ್ಟೋ ವಾದ ಮಾಡಿದವನು ನಾನು; ಲೆಕ್ಕ ಹೀಗೆ ಬಂದಿರುವಾಗ ಹೀಗೆಯೇ ಬರೆಯಬೇಕು. ನನ್ನ 5 ಗ್ಯಾಲನ್‌ನ ಗಂಟಲುರಿಗೂ ಬಿಸಿಯೇ ಕಾರಣವೆಂದು ಈಗ ಬಲವಾದ ಅನುಮಾನ. ಅದನ್ನು ಮಾಡಿದ್ದು ಜುಲೈನಲ್ಲಿ.

ಉಳಿದ ‘ಇ’ಯಲ್ಲಿ ಮುರುಗಲು ಪ್ರಯೋಗಿಸಿದೆ. ಮೀಡ್‌ಗೆ ಹುಳಿ ಕಡಿಮೆ, ಕುಡಿದಾಗ ಚಪ್ಪಟೆ ಎನಿಸುತ್ತದೆ. ಊರಿನಿಂದ ತಂದ, ಉಪ್ಪು ಹಾಕದ ಒಣ ಸಿಪ್ಪೆ 10 ಗ್ರಾಂ ತೆಗೆದು 100 ಮಿಲಿ ಮೀಡ್‌ನಲ್ಲಿ ಎರಡು ದಿನ ನೆನೆಸಿದೆ, ಗಾಢ ಕೆಂಪು ರಸ ಸಿಕ್ಕಿತು. 50 ಮಿಲಿಯ ಐದು ಲೋಟಗಳಿಗೆ ಪಿಪೆಟ್ಟಿನಿಂದ 0, 1, 2, 3, 5 ಮಿಲಿ. 3 ಮಿಲಿಯದು ನಮ್ಮಿಬ್ಬರಿಗೂ ಹಿಡಿಸಿತು. ಅದೇ ಪ್ರಮಾಣದಲ್ಲಿ 750 ಮಿಲಿ ಬಾಟಲಿಗೆ 45 ಮಿಲಿ. ಸ್ವಲ್ಪ ಸಿಹಿಯೂ ಬೇಕೆನಿಸಿ ಲೀಟರಿಗೆ 20 ಗ್ರಾಂ ಜೇನು ಸೇರಿಸಿದೆ. ಅದಕ್ಕೆ ಮುಂಚೆ ಮೆಟಾಬೈಸಲ್ಫೈಟ್ ಮತ್ತು ಪೊಟ್ಯಾಸಿಯಂ ಸಾರ್ಬೇಟ್ ಎರಡನ್ನೂ ಹಾಕಿದ್ದೆ. ಇವನ್ನು ಹಾಕದೆ ಸಿಹಿ ಬೆರೆಸಿ ಬಿರಡೆ ಬಿಗಿದರೆ ಉಳಿದ ಯೀಸ್ಟ್ ಮತ್ತೆ ಕೆಲಸಕ್ಕೆ ತೊಡಗಿ ಬಾಟಲಿ ಸಿಡಿಯುತ್ತದೆ. ಗಾಜಿನ ಚೂರು ಹಾರುವ ಸಂಗತಿ ಇದು.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ: ನಮ್ಮ ಪೆಟ್ಟಿಗೆಯ ಜೇನಿನಲ್ಲಿ ನೀರೆಷ್ಟು ಎಂದು ಅಳೆಯುವ ಉಪಕರಣ ಇದೆಯೇ? ಜೇನಿನ ರಿಫ್ರ್ಯಾಕ್ಟೋಮೀಟರ್ ಒಂದನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಮೇ ತಿಂಗಳ ಕೊಯ್ಲು 22 ತೋರಿಸಿತಂತೆ. ಈ ವರ್ಷದಿಂದ ಅರೆಗಳ ಮೇಣದ ಮುಚ್ಚಳ ಪೂರ್ತಿ ಆದ ಮೇಲೆಯೇ ತುಪ್ಪ ತೆಗೆಯುತ್ತಾರಂತೆ.

ನಾನು ಸೆಪ್ಟೆಂಬರ್ 20ರಂದು ಹೊಸ ಎರಡು ಜಾಡಿ ಹೂಡಿದ್ದೇನೆ, ‘ಉ’ ಮತ್ತು ‘ಊ’. ಒಂದರಲ್ಲಿ ಸ್ಟಾರ್ ಥಿಸಲ್, ಇನ್ನೊಂದರಲ್ಲಿ ಗೋಲ್ಡನ್‌ರಾಡ್ ಹೂವಿನ ಜೇನು, ಉಳಿದದ್ದೆಲ್ಲ ಒಂದೇ. ಬಿರಡೆಗಳನ್ನು ಒಣಗಿಸಿಯೇ ಕೂರಿಸಿದ್ದೇನೆ. ಆರಂಭದ ತೂಕ 4,803 ಗ್ರಾಂ ಮತ್ತು 4,796 ಗ್ರಾಂ.